ಅಡುಗೆಮನೆ ಸಾಮಾನು ಕಡಿಮೆ ಮಾಡಿದವರು ಯಾರಾದರೂ ಇದ್ದೀರಾ?

ಬೆಂಗಳೂರಿನಲ್ಲಿ ಬಾಡಿಗೆ ಮನೆ, ಎಂಟಡಿಗೆ ಆರಡಿ ಅಡುಗೆಮನೆ. ಮದುವೆಯಾಗಿ 11 ವರ್ಷ. ಈಗ ಜೀರಿಗೆ ಬೇಕೆಂದರೆ ನಾಲ್ಕು ಡಬ್ಬಿ ಆಚೆ ತೆಗೆಯಬೇಕು. ಹೋದ ವಾರ ಸಜ್ಜಾ ಮೇಲಿದ್ದ ಹಿತ್ತಾಳೆ ಕೊಳಗ ಜಾರಿ, ನನ್ನ ಕಾಲಿನ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅದು ಅತ್ತೆ ಕೊಟ್ಟಿದ್ದು, ಯಾರಿಗಾದರೂ ಕೊಡಲು ಧೈರ್ಯವಿಲ್ಲ. ಎಲ್ಲಿಂದ ಶುರು ಮಾಡಲಿ? ಹೊಸ ಡಬ್ಬಿಗಳ ಸೆಟ್ ಕೊಂಡರೆ ಸರಿಹೋಗುತ್ತಾ?

ಮೈಸೂರಿನಿಂದ:
ಡಬ್ಬಿ ಮಾತ್ರ ಈಗಲೇ ಕೊಳ್ಳಬೇಡಿ. ನಾನು ಮಾಡಿದ ತಪ್ಪೇ ಅದು. ನೋಡಲು ಚೆಂದ ಅಂತ ಒಂದೇ ಅಳತೆಯ 24 ಡಬ್ಬಿ ತಂದೆ. ಒಂದು ಕೆಜಿ ತೊಗರಿಬೇಳೆ ಸುರಿದರೆ ಎರಡು ಹಿಡಿ ಮಿಕ್ಕಿತು. ಆ ಪ್ಯಾಕೆಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿ ಡಬ್ಬಿಯ ಹಿಂದೆ ಇಟ್ಟೆ. ಕಡಲೆಬೇಳೆಗೂ ಹಾಗೇ, ರವೆಗೂ ಹಾಗೇ. ಆರು ತಿಂಗಳಲ್ಲಿ ರಬ್ಬರ್ ಬ್ಯಾಂಡ್ ಪ್ಯಾಕೆಟ್ಟುಗಳಿಗೇ ಒಂದು ಶೆಲ್ಫ್ ಬೇಕಾಯಿತು!

ಆಮೇಲೆ ಬುದ್ಧಿ ಬಂದು ಒಂದು ದಿನಕ್ಕೆ ಒಂದೇ ಶೆಲ್ಫ್ ಅಂತ ಇಳಿಸಿದೆ. ನೆಲಕ್ಕೆ ಪೇಪರ್ ಹಾಸಿ ಎಲ್ಲವನ್ನೂ ಹರಡಿದೆ. ಬಿಚ್ಚಿದ ಶ್ಯಾವಿಗೆ ಪ್ಯಾಕೆಟ್ ಮೂರು ಸಿಕ್ಕವು. ಗೃಹಪ್ರವೇಶಕ್ಕೆ ತಂದ ಗೋಡಂಬಿ ಕಮಟು ವಾಸನೆ ಹೊಡೆಯುತ್ತಿತ್ತು. ಅದೆಲ್ಲ ಖಾಲಿಯಾದ ಮೇಲೆ ನೋಡಿದರೆ ಇದ್ದ ಡಬ್ಬಿಗಳೇ ಜಾಸ್ತಿ.

ಇನ್ನೊಂದು ಮಾತು. ಒಲೆಯ ಪಕ್ಕ ಕೈಗೆ ಸಿಗಲಿ ಅಂತ ಮೆಣಸಿನಪುಡಿ, ಸಾರಿನಪುಡಿ ಎಲ್ಲ ಅಲ್ಲೇ ಜೋಡಿಸುತ್ತೇವೆ ಅಲ್ವಾ? ಬಿಸಿಗೆ, ಹಬೆಗೆ ಪುಡಿ ಗಂಟು ಕಟ್ಟುತ್ತದೆ, ಬಣ್ಣ, ಘಮ ಎರಡೂ ಹೋಗುತ್ತವೆ. ವಾರಕ್ಕಾಗುವಷ್ಟು ಮಾತ್ರ ಸಣ್ಣ ಬಾಟಲಿಯಲ್ಲಿಟ್ಟು ಉಳಿದದ್ದನ್ನು ಫ್ರಿಜ್‌ಗೆ ಹಾಕಿ.

ಕಷ್ಟ ಇರುವುದು ಪಾತ್ರೆಗಳಲ್ಲಿ. ಮದುವೆಗೆ ಬಂದ ಸ್ಟೀಲ್ ಪಾತ್ರೆ ಮೇಲೆ ಕೊಟ್ಟವರ ಹೆಸರು ಕೊರೆಸಿರುತ್ತಾರಲ್ಲ, ಯಾರಿಗಾದರೂ ಕೊಡೋಣ ಅಂದರೆ ಕೈ ಬರಲ್ಲ. ನಮ್ಮ ಸೋದರಮಾವನ ಹೆಸರಿದ್ದ ಬೇಸಿನ್ನನ್ನು ಮೂರು ಸಲ ಚೀಲಕ್ಕೆ ಹಾಕಿ ಮೂರು ಸಲ ಆಚೆ ತೆಗೆದೆ. ಕೊನೆಗೆ ಅದೇ ಅಕ್ಕಿ ತೊಳೆಯುವ ಪಾತ್ರೆ ಆಯಿತು, ದಿನಾ ಬಳಸುವ ಹಳೇ ನಗ್ಗು ಪಾತ್ರೆ ಗುಜರಿಗೆ ಹೋಯಿತು. ಆರು ತಿಂಗಳು ಮುಟ್ಟದ ಉಳಿದ ಪಾತ್ರೆಗಳನ್ನೆಲ್ಲ ಕೊಟ್ಟುಬಿಟ್ಟೆ.

ಧಾರವಾಡದಿಂದ:
ಒಬ್ಬನೇ ಇರುವವನು ನಾನು, ನನ್ನ ಹತ್ತಿರ ಪಾತ್ರೆ ಕಡಿಮೆ. ಒಂದೇ ವಿಷಯ ಹೇಳುತ್ತೇನೆ. ಕಟ್ಟೆ ಕೆಳಗೆ ಜಾಗ ಇದೆ ಅಂತ ಸಿಲಿಂಡರ್ ಸುತ್ತ ಈರುಳ್ಳಿ ಬುಟ್ಟಿ, ಹಳೇ ಪೇಪರ್, ಪ್ಲಾಸ್ಟಿಕ್ ಚೀಲ ತುರುಕಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಆಗ ರೆಗ್ಯುಲೇಟರ್‌ಗೆ ಕೈ ತಟ್ಟನೆ ಹೋಗಬೇಕು. ನಿಮ್ಮ ಮನೆಯಲ್ಲಿ ಹೋಗುತ್ತಾ, ಇವತ್ತೇ ನೋಡಿ.

ಹಾಂ, ಜೋಳದ ಹಿಟ್ಟು ಒಂದೇ ಸಲಕ್ಕೆ ಜಾಸ್ತಿ ಬೀಸಿಸಬೇಡಿ. ಹಳೇದಾದರೆ ಕಹಿ ಬರುತ್ತದೆ, ರೊಟ್ಟಿಯೂ ಹರಿಯುತ್ತದೆ.

ಶಿವಮೊಗ್ಗದಿಂದ:
ಮೈಸೂರಿನ ತಂಗಿ ಹೇಳಿದ್ದೆಲ್ಲ ಸರಿ. ಆರು ತಿಂಗಳ ಲೆಕ್ಕ ಮಾತ್ರ ನಾನು ಒಪ್ಪುವುದಿಲ್ಲ. ಚಕ್ಕುಲಿ ಒರಳು ನಮ್ಮ ಮನೆಯಲ್ಲಿ ಕೆಳಗಿಳಿಯುವುದೇ ಗೋಕುಲಾಷ್ಟಮಿಗೆ, ವರ್ಷಕ್ಕೊಂದು ಸಲ. ಹಾಗಂತ ಕೊಟ್ಟುಬಿಡಲು ಆಗುತ್ತದೆಯೇ? ಶ್ಯಾವಿಗೆ ಒರಳು, ಕಜ್ಜಾಯದ ಜಾಲರಿ, ದೊಡ್ಡ ಬಾಣಲೆ, ಇವನ್ನೆಲ್ಲ ಒಂದೇ ರಟ್ಟಿನ ಪೆಟ್ಟಿಗೆಗೆ ಹಾಕಿ 'ಹಬ್ಬ' ಅಂತ ಬರೆದಿಡಿ. ಜಾಗ ತಿನ್ನುವುದು ಇವಲ್ಲ, ಹೋಟೆಲ್ ಪಾರ್ಸೆಲ್‌ನ ಪ್ಲಾಸ್ಟಿಕ್ ಡಬ್ಬಿಗಳು. ಮೊದಲು ಅವನ್ನು ಸಾಗಹಾಕಿ.

ಹಿತ್ತಾಳೆ ಪಾತ್ರೆಯನ್ನು ಸುಮ್ನೆ ಗುಜರಿಗೆ ಹಾಕಬೇಡಮ್ಮ. ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ತೆಗೆದುಕೊಂಡು ಬೇರೆ ಪಾತ್ರೆ ಕೊಡುತ್ತಾರೆ. ಇಟ್ಟುಕೊಂಡರೆ ಕಲಾಯಿ ಹಾಕಿಸಿ ಬಳಸಿ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಸಾರು ಮಾಡಬಾರದು. ಆದರೆ ಅತ್ತೆ ಕೊಟ್ಟದ್ದು ಅಂತೀಯಲ್ಲ, ಮೊದಲು ಅವರನ್ನೇ ಒಂದು ಮಾತು ಕೇಳು.

ಬೆಂಗಳೂರಿನಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಸಿಲಿಂಡರ್ ಸುತ್ತ ಮೊದಲು ಖಾಲಿ ಮಾಡಿದೆ. ಭಾನುವಾರ ಒಂದು ಶೆಲ್ಫ್ ಇಳಿಸಿದೆ. ಪ್ಲಾಸ್ಟಿಕ್ ಡಬ್ಬಿ 19, ಮುಚ್ಚಳ 31! ಸರಿಯಾಗಿ ಕೂತದ್ದು 12 ಜೊತೆ. ಉಳಿದ ಮುಚ್ಚಳ ಎಲ್ಲಿಂದ ಬಂದವೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಕೊಳಗದ ವಿಷಯ ಅತ್ತೆಗೆ ಫೋನ್ ಮಾಡಿ ಹೆದರಿ ಹೆದರಿ ಕೇಳಿದೆ. "ಅಯ್ಯೋ, ಅದನ್ನು ಇನ್ನೂ ಇಟ್ಕೊಂಡಿದ್ದೀಯಾ? ನಮ್ಮನೇಲಿ ಜಾಗ ಇಲ್ಲ ಅಂತಾನೇ ನಿನಗೆ ಕೊಟ್ಟಿದ್ದು" ಅಂದರು.