ಕಾರ್ವೆಟ್ ಝಡ್‌ಆರ್1: ಪಟ್ಟಿಯಲ್ಲಿ 4ನೇ ಹೆಸರು, ಬೆಲೆ ಮೇಲೆ ಇನ್ನೂ 50,000 ಡಾಲರ್. ಏನು ಮಾಡೋದು?

ಫ್ರೀಮಾಂಟ್_ಮಂಜು

ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಷೆವ್ರೊಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್ ಝಡ್‌ಆರ್1 ತಗೊಳ್ಳೋ ಪ್ರಯತ್ನದಲ್ಲಿದ್ದೇನೆ. 2025ರ ಮಾಡೆಲ್‌ಗೆ ಷೆವ್ರೊಲೆ ಘೋಷಿಸಿದ ಆರಂಭಿಕ ಬೆಲೆ 1,74,995 ಡಾಲರ್. ಒಬ್ಬ ಡೀಲರ್ ಹತ್ತಿರ 5,000 ಡಾಲರ್ ಠೇವಣಿ ಇದೆ. "ಪಟ್ಟಿಯಲ್ಲಿ ನೀವು 4ನೇಯವರು, ಸ್ಟಿಕರ್ ಬೆಲೆಗೇ (ಕಂಪನಿ ಸೂಚಿಸಿದ ಬೆಲೆಗೇ) ಕೊಡ್ತೀವಿ" ಅಂದಿದ್ದರು. ಈಗ ಮ್ಯಾನೇಜರ್ ಬದಲಾಗಿದ್ದಾರೆ, 50,000 ಡಾಲರ್ "ಮಾರ್ಕೆಟ್ ಅಡ್ಜಸ್ಟ್‌ಮೆಂಟ್" ಸೇರಿಸ್ತೀವಿ ಅಂತಿದ್ದಾರೆ.

ನನ್ನ ಪ್ರಶ್ನೆಗಳು: ಹೀಗೆ ಬೆಲೆ ಏರಿಸೋಕೆ ಕಾನೂನಲ್ಲಿ ಅವಕಾಶ ಇದೆಯಾ? 4ನೇ ಸ್ಥಾನ ಅಂದರೆ ಎಷ್ಟು ದಿನ ಕಾಯಬೇಕು? ಬೇರೆ ರಾಜ್ಯದಿಂದ ತರಿಸಿದರೆ ತೊಂದರೆ ಏನು? ಇದು ಬೇಡ ಅಂತ ಪೋರ್ಷೆ 911 ಜಿಟಿ3 ಕಡೆ ಹೋದರೆ ಅಲ್ಲಿ "ಮೊದಲು ಎರಡು ಗಾಡಿ ತಗೊಳ್ಳಿ" ಅಂತಾರಲ್ಲ, ಅದರ ಲೆಕ್ಕ ಹೇಗೆ?

ಆರ್ಡರ್‌ಕೋಡ್_3000

4ನೇ ಸ್ಥಾನ ಅನ್ನೋದು ಮೂಗಿಗೆ ತುಪ್ಪ ಸವರೋ ಮಾತು. ಕೇಳಬೇಕಾದ್ದು ಇಷ್ಟು: "ಈ ಮಾಡೆಲ್ ವರ್ಷಕ್ಕೆ ಜಿಎಂನಿಂದ (ಷೆವ್ರೊಲೆಯ ಮಾತೃ ಕಂಪನಿ) ನಿಮಗೆ ಎಷ್ಟು ಝಡ್‌ಆರ್1 ಅಲೊಕೇಶನ್ (ನಿಮ್ಮ ಪಾಲಿಗೆ ಹಂಚಿದ ಕಾರು) ಬಂದಿದೆ? ಅದರಲ್ಲಿ ಎಷ್ಟು ಗಿರಾಕಿಗಳ ಹೆಸರಿಗೆ ಹೋಗಿದೆ?" ಇದಕ್ಕೆ ಅಂಕಿ ಹೇಳದೆ "ಬರುತ್ತೆ ಸರ್, ಬಂದೇ ಬರುತ್ತೆ" ಅಂದರೆ ಒಂದೂ ಬಂದಿಲ್ಲ ಅಂತಲೇ ತಿಳ್ಕೊಳ್ಳಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋಕೆ 5,000 ಡಾಲರ್ ಕೊಟ್ಟಂತಾಯ್ತು.

ಹಂಚಿಕೆ ಹೇಗೆ ಅಂದರೆ, ಡೀಲರ್ ಹಿಂದೆ ಎಷ್ಟು ಕಾರ್ವೆಟ್ ಮಾರಿದ್ದಾನೆ ಅನ್ನೋದೇ ಮುಖ್ಯ. ಡೀಲರ್‌ಗಳ ಬಾಯಲ್ಲಿ ಇದು "ಟರ್ನ್ ಅಂಡ್ ಅರ್ನ್", ಮಾರಿದವನಿಗೆ ಮತ್ತೆ ಸಿಗುತ್ತೆ. ಝಡ್‌ಆರ್1ಗಿಂತ ಕೆಳಗಿನ ಝಡ್06 ಶುರುವಾದಾಗಲೂ ಆರಂಭಿಕ ಮಾಡೆಲ್ ಸ್ಟಿಂಗ್ರೇ ಮಾರಾಟ ನೋಡಿಯೇ ಹಂಚಿದರು. ತಿಂಗಳಿಗೊಂದು ಸ್ಟಿಂಗ್ರೇ ಮಾರೋ ಸಣ್ಣ ಡೀಲರ್‌ಗೆ ಮೇಲಿನ ಮಾಡೆಲ್ ವರ್ಷಕ್ಕೆ ಒಂದೋ ಎರಡೋ ಬರಬಹುದು, ಕೆಲವರಿಗೆ ಸೊನ್ನೆ. ವರ್ಷಕ್ಕೆ ನೂರಾರು ಕಾರ್ವೆಟ್ ಸಾಗಿಸೋ ಡೀಲರ್ ಹತ್ತಿರ 40ನೇ ಸ್ಥಾನ, ಇಂಥವನ ಹತ್ತಿರ 4ನೇ ಸ್ಥಾನಕ್ಕಿಂತ ಬೇಗ ಬರುತ್ತೆ.

ಎರಡನೇದು ಆರ್ಡರ್ ಕೋಡ್. ನಿಮ್ಮ ಹೆಸರಲ್ಲಿ ಆರ್ಡರ್ ಹಾಕಿದ ಕೂಡಲೇ ಅಕ್ಷರ, ಅಂಕಿ ಸೇರಿದ ಆರು ಸ್ಥಾನದ ಆರ್ಡರ್ ನಂಬರ್ ಹುಟ್ಟುತ್ತೆ. ಅದನ್ನು ಕೇಳಿ ತಗೊಳ್ಳಿ, ಷೆವ್ರೊಲೆಯ ಕಾರ್ವೆಟ್ ಕನ್ಸಿಯರ್ಜ್‌ಗೆ (ಗಿರಾಕಿ ಸಹಾಯವಾಣಿ) ಕೊಟ್ಟರೆ ಆರ್ಡರ್ ಎಲ್ಲಿಗೆ ಬಂದಿದೆ ಅಂತ ನಾಲ್ಕಂಕಿಯ ಕೋಡ್‌ನಲ್ಲಿ ಹೇಳ್ತಾರೆ.

1100 ಅಂದರೆ ಆರ್ಡರ್ ಡೀಲರ್‌ನ ಕಂಪ್ಯೂಟರ್‌ನಲ್ಲಿ ಕೂತಿದೆ, ಅಷ್ಟೇ. ಇದನ್ನು ಯಾರ ಹೆಸರಲ್ಲಿ ಎಷ್ಟು ಬೇಕಾದರೂ ಹಾಕಬಹುದು. 2000 ಅಂದರೆ ಜಿಎಂ ಒಪ್ಪಿಕೊಂಡಿದೆ. 3000 ಬಂದಾಗ ಮಾತ್ರ ಪ್ರೊಡಕ್ಷನ್ ಕಂಟ್ರೋಲ್ ತಗೊಂಡಿದೆ ಅಂತರ್ಥ, ಟಿಪಿಡಬ್ಲ್ಯೂ, ಅಂದರೆ ಕಾರು ತಯಾರಾಗೋ ವಾರ, ಆಗ ಸಿಗುತ್ತೆ. ಬಣ್ಣ, ಸೀಟು ಬದಲಾಯಿಸೋದಿದ್ದರೆ 3000ಕ್ಕೆ ಮುಂಚೆಯೇ. 3300 ಅಂದರೆ ತಯಾರಿಕೆಗೆ ದಿನ ಗೊತ್ತಾಗಿದೆ, 3800 ಅಂದರೆ ಕಾರ್ವೆಟ್ ಕಾರ್ಖಾನೆ ಇರೋ ಬೌಲಿಂಗ್ ಗ್ರೀನ್‌ನಲ್ಲಿ ತಯಾರಾಗಿದೆ, 4200 ಸಾಗಿಸಿದ್ದಾರೆ, 5000 ಡೀಲರ್ ಅಂಗಳಕ್ಕೆ ಬಂತು.

ಜೊತೆಗೆ ಆರ್ಡರ್ ಬಗೆಯನ್ನೂ ನೋಡಿ. ಎಸ್‌ಆರ್‌ಇ ಅಂದರೆ ಗಿರಾಕಿಗೆ ಮಾರಾಟವಾದ ಆರ್ಡರ್, ಟಿಆರ್‌ಇ ಅಂದರೆ ಡೀಲರ್ ಸ್ಟಾಕ್‌ಗೆ ಹಾಕಿದ್ದು. "ನಿಮಗಾಗಿಯೇ ಹಾಕಿದ್ದೇವೆ" ಅಂತ ಹೇಳಿ ಟಿಆರ್‌ಇ ಹಾಕಿದ್ದರೆ ಆ ಕಾರು ನಿಮ್ಮದಲ್ಲ. ಅಂಗಳಕ್ಕೆ ಬಂದ ದಿನ ಯಾರು ಹೆಚ್ಚು ಕೊಡ್ತಾರೋ ಅವರದ್ದು.

ಇನ್ನೊಂದು, ಜನ ಎಡವೋದು ಇಲ್ಲೇ: ಕನ್‌ಸ್ಟ್ರೈಂಟ್. ಕಾರ್ಬನ್ ಫೈಬರ್ ಚಕ್ರದಂಥ ಆಪ್ಷನ್‌ಗಳು ಕಾರ್ಖಾನೆಗೆ ಬರೋದೇ ಕಡಿಮೆ. ಡೀಲರ್ ಹತ್ತಿರ ಅಲೊಕೇಶನ್ ಇದ್ದು ನಿಮ್ಮ ಸರದಿ ಬಂದಿದ್ದರೂ, ನೀವು ಕೇಳಿದ ಚಕ್ರಕ್ಕೆ ಕೋಟಾ ಇಲ್ಲ ಅಂದರೆ ಆರ್ಡರ್ ಮುಂದೆ ಹೋಗಲ್ಲ. ಆ ವಾರದ ಅಲೊಕೇಶನ್ ನಿಮ್ಮ ಹಿಂದಿನವನಿಗೆ ಹೋಗುತ್ತೆ. ಯಾವ ಆಪ್ಷನ್ ಬಿಡೋಕೆ ಸಿದ್ಧ ಅಂತ ಮೊದಲೇ ಬರೆದು ಕೊಟ್ಟಿರಿ.

ಕರಾರುಪತ್ರ

ಕಾನೂನಿನ ಪ್ರಶ್ನೆಗೆ ಉತ್ತರ: ಹೌದು, ಏರಿಸಬಹುದು. ಎಂಎಸ್‌ಆರ್‌ಪಿ ಅನ್ನೋದು ತಯಾರಕರು ಸೂಚಿಸಿದ ಬೆಲೆ, ನಮ್ಮೂರಿನ ಎಂಆರ್‌ಪಿ ಥರ ಮೀರಬಾರದ ಮಿತಿ ಅಲ್ಲ. 1958ರ ಕಾನೂನಿನ ಪ್ರಕಾರ ಕಿಟಕಿಗೆ ಬೆಲೆಚೀಟಿ ಅಂಟಿಸೋದು ಕಡ್ಡಾಯ (ಸೆನೆಟರ್ ಮನ್ರೋನಿ ತಂದದ್ದು, ಅದಕ್ಕೇ ಆ ಚೀಟಿಗೆ ಮನ್ರೋನಿ ಅಂತ ಹೆಸರು). ಆ ಬೆಲೆಗೇ ಮಾರಬೇಕು ಅಂತ ಅದರಲ್ಲಿಲ್ಲ. ಪಕ್ಕದಲ್ಲಿ ಡೀಲರ್ ಅಂಟಿಸೋ ಎರಡನೇ ಚೀಟಿಯಲ್ಲೇ ಈ "ಅಡ್ಜಸ್ಟ್‌ಮೆಂಟ್" ಇರೋದು. ಗ್ರಾಹಕರ ಹಿತ ಕಾಯೋ ಕೇಂದ್ರದ ಸಂಸ್ಥೆ ಎಫ್‌ಟಿಸಿ 2023ರ ಡಿಸೆಂಬರ್‌ನಲ್ಲಿ ಡೀಲರ್‌ಗಳ ಬೆಲೆ ಮೋಸದ ಮೇಲೆ ಒಂದು ನಿಯಮ ತಂದಿತ್ತು, 2025ರ ಜನವರಿಯಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಜಾಹೀರಾತು ಮಾಡಿದ ಬೆಲೆಗೆ ಡೀಲರ್ ಮಾರಲೇಬೇಕು. ಹಾಗಾಗಿ ವೆಬ್‌ಸೈಟಿನಲ್ಲಿ ವಿನ್ ನಂಬರ್ (ಆ ಕಾರಿನ ಗುರುತು ಸಂಖ್ಯೆ) ಜೊತೆ ಬೆಲೆ ಕಂಡರೆ ತಕ್ಷಣ ಸ್ಕ್ರೀನ್‌ಶಾಟ್ ತೆಗೆದಿಡಿ.

ಬಾಯಿಮಾತಿನ ವಿಷಯ. 500 ಡಾಲರ್ ಅಥವಾ ಅದಕ್ಕೂ ಮೇಲಿನ ವಸ್ತುವಿನ ಮಾರಾಟಕ್ಕೆ ಬರಹ ಬೇಕು ಅನ್ನುತ್ತೆ ಇಲ್ಲಿನ ವ್ಯಾಪಾರ ಸಂಹಿತೆ, ಯುಸಿಸಿ 2-201. ಠೇವಣಿ ಪಡೆದಿದ್ದಾರಾದ್ದರಿಂದ ಒಪ್ಪಂದ ಇತ್ತು ಅಂತ ವಾದ ಮಾಡಬಹುದು. ಆದರೆ "ಸ್ಟಿಕರ್ ಬೆಲೆಗೆ" ಅಂದದ್ದಕ್ಕೆ ಪುರಾವೆ ಎಲ್ಲಿ? ಮ್ಯಾನೇಜರ್ ಬದಲಾದ ದಿನವೇ ಆ ಮಾತು ಗಾಳಿಗೆ ಹೋಯ್ತು. ಹಳೆಯ ಇಮೇಲ್, ಮೆಸೇಜ್ ಇದ್ದರೆ ಹುಡುಕಿ, ಅವೂ ಬರಹವೇ.

ಮುಂದಿನ ಸಲ ಬೈಯರ್ಸ್ ಆರ್ಡರ್‌ನಲ್ಲಿ (ಖರೀದಿ ಕರಾರಿನಲ್ಲಿ) ಈ ಸಾಲುಗಳಿರಲಿ: ಆರ್ಡರ್ ನಂಬರ್; "ಮಾರಾಟ ಬೆಲೆ = ಕಿಟಕಿ ಚೀಟಿಯ ಕೊನೆಯ ಸಾಲಿನ ಒಟ್ಟು ಮೊತ್ತ" (ಸಾಗಣೆ, ಪೆಟ್ರೋಲ್ ಹೆಚ್ಚು ಕುಡಿಯೋ ಕಾರಿನ ಗ್ಯಾಸ್ ಗಝ್ಲರ್ ತೆರಿಗೆ ಅದರೊಳಗೇ ಬರುತ್ತೆ); ಡೀಲರ್ ಸೇರಿಸೋ ಬಿಡಿಭಾಗ ಸೊನ್ನೆ; ಡಾಕ್ ಫೀ (ಕಾಗದಪತ್ರದ ಶುಲ್ಕ) ಇಷ್ಟು; ಜಿಎಂ ಮಧ್ಯದಲ್ಲಿ ಬೆಲೆ ಏರಿಸಿದರೆ ಯಾವ ದಿನದ ಬೆಲೆ ಅನ್ವಯ; ಠೇವಣಿ ಯಾವಾಗ ಬೇಕಾದರೂ ವಾಪಸ್. ಸಹಿ ಸೇಲ್ಸ್‌ನವನದ್ದಲ್ಲ, ಜನರಲ್ ಮ್ಯಾನೇಜರ್‌ದು. ಠೇವಣಿ ಕ್ರೆಡಿಟ್ ಕಾರ್ಡ್‌ನಲ್ಲೇ ಕಟ್ಟಿ, ಜಗಳ ಬಂದರೆ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡ್ ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳೋ ದಾರಿ ಇರುತ್ತೆ.

ಲೆಕ್ಕದ_ಹುಬ್ಬಳ್ಳಿ

50,000 ಅಂದ್ರ ಬರೇ 50,000 ಅಲ್ಲರೀ. ಕ್ಯಾಲಿಫೋರ್ನಿಯಾದಾಗ ಸೇಲ್ಸ್ ಟ್ಯಾಕ್ಸ್ ಪೂರಾ ಬೆಲೆ ಮ್ಯಾಲೆ ಬೀಳತದ. ನಿಮ್ಮ ಕಡೆ ಸುಮಾರು 10% ಹಿಡೀರಿ, 5,000 ಅಲ್ಲೇ ಹೋತು. ರಜಿಸ್ಟ್ರೇಶನ್‌ದಾಗ ವೆಹಿಕಲ್ ಲೈಸೆನ್ಸ್ ಫೀ 0.65%, ಅದು ಮೊದಲನೇ ವರ್ಷ 325. ಒಟ್ಟು 55,325. ಇನ್ನ ಬ್ಯಾಂಕಿನವರು ಸಾಲದ ಮಿತಿ ಹಾಕೋದು ಇನ್‌ವಾಯ್ಸ್ (ಡೀಲರ್ ಕಂಪನಿಗೆ ಕೊಡೋ ಬೆಲೆ) ಇಲ್ಲಾ ಎಂಎಸ್‌ಆರ್‌ಪಿ ನೋಡಿ, ನೀವು ಕೊಟ್ಟ ಬೆಲೆ ನೋಡಿ ಅಲ್ಲ. ಅಂದ್ರ ಈ ರೊಕ್ಕ ಹೆಚ್ಚೂಕಡಿಮಿ ಕಿಸೆಯಿಂದನ ಬರಬೇಕು. ನಾಳೆ ಗಾಡಿ ಪೂರಾ ಜಖಂ ಆತು ಅಂದ್ರ ಸಾದಾ ವಿಮೆಯವರು ಆ ಹೊತ್ತಿನ ಮಾರುಕಟ್ಟಿ ಬೆಲೆ ಕೊಡತಾರ, ನೀವು ಡೀಲರ್‌ಗೆ ಮ್ಯಾಲೆ ಸುರಿದದ್ದು ಕೊಡಂಗಿಲ್ಲ. ಮೊದಲ ಒಪ್ಪಿದ ಬೆಲೆ ಕೊಡೋ ಅಗ್ರೀಡ್ ವ್ಯಾಲ್ಯೂ ಪಾಲಿಸಿ ಬ್ಯಾರೆ ತೊಗೋಬೇಕಾಗತದ.

"ಎಂಎಸ್‌ಆರ್‌ಪಿಗೇ ಕೊಡತೀವಿ" ಅನ್ನವರನ್ನೂ ಹಂಗ ನಂಬಬ್ಯಾಡ್ರಿ. ರೊಕ್ಕ ಬ್ಯಾರೆ ಬಾಗಿಲಿನಿಂದ ತೊಗೋತಾರ. ಒಂದನೇದು ಬಡ್ಡಿ: ಬ್ಯಾಂಕ್ 6%ಕ್ಕ ಒಪ್ಪಿದ್ರ ಡೀಲರ್ 8% ಅಂತ ಕಾಗದ ಮಾಡತಾನ, ನಡುವಿನ ಲಾಭದಾಗ ಅವನಿಗೆ ಪಾಲು. 1,00,000 ಡಾಲರ್ ಸಾಲ, 72 ತಿಂಗಳು: 6%ಕ್ಕ ತಿಂಗಳಿಗೆ ಸುಮಾರು 1,657, 8%ಕ್ಕ 1,753. ಕೊನಿಗೆ ಫರಕ್ಕು 6,900ರ ಮ್ಯಾಲೆ. ಕ್ರೆಡಿಟ್ ಯೂನಿಯನ್ (ಸಹಕಾರಿ ಬ್ಯಾಂಕ್ ಇದ್ದಂಗ) ಸಾಲಕ್ಕ ಒಪ್ಪಿದ ಕಾಗದ ಕೈಯಾಗ ಹಿಡಕೊಂಡ ಹೋಗ್ರಿ. ಎರಡನೇದು, ನಿಮ್ಮ ಹಳೇ ಗಾಡಿಗೆ ಕಡಿಮಿ ಬೆಲೆ ಕಟ್ಟೋದು. ಮೂರನೇದು, ಟೈರಿನ್ಯಾಗ ನೈಟ್ರೋಜನ್, ಗಾಜಿನ ಮ್ಯಾಲೆ ವಿನ್ ಕೆತ್ತೋದು, ಪೇಂಟ್ ಸೀಲಂಟ್. ನಾವು ಉಸಿರಾಡೋ ಗಾಳಿಯೊಳಗ 78% ನೈಟ್ರೋಜನ್ ಐತಿ, ಅದಕ್ಕ ಯಾರೂ ಬಿಲ್ ಹಾಕಿಲ್ಲ. ಡಾಕ್ ಫೀ ಕ್ಯಾಲಿಫೋರ್ನಿಯಾದಾಗ 85 ಡಾಲರ್ ಮಿತಿ ಐತಿ. ಫ್ಲೋರಿಡಾದಾಗ ಮಿತಿನ ಇಲ್ಲ, ಅಲ್ಲಿಂದ ತರಸೋದಿದ್ರ ಮೊದಲ ಕೇಳ್ರಿ.

ಫ್ರೀಮಾಂಟ್_ಮಂಜು

ಕರಾರುಪತ್ರ ಅವರೇ, ರಸೀದಿ ಹುಡುಕಿದೆ. "ಡೆಪಾಸಿಟ್ ಫಾರ್ ಫ್ಯೂಚರ್ ಝಡ್‌ಆರ್1, ರಿಫಂಡಬಲ್, ಪ್ರೈಸ್ ಟು ಬಿ ಡಿಟರ್ಮಿನ್ಡ್ ಅಟ್ ಡೆಲಿವರಿ" ಅಂತಿದೆ. ಆರ್ಡರ್ ನಂಬರ್ ಇಲ್ಲ.

ಕರಾರುಪತ್ರ

ಹಾಗಿದ್ದರೆ ವಾದಕ್ಕೆ ಜಾಗವೇ ಇಲ್ಲ. "ಡೆಲಿವರಿ ವೇಳೆ ಬೆಲೆ ನಿರ್ಧಾರ" ಅಂದರೆ ಖಾಲಿ ಚೆಕ್ಕಿಗೆ ನೀವೇ ಸಹಿ ಹಾಕಿದ ಹಾಗೆ. ಒಳ್ಳೇದೇನಂದರೆ ರಿಫಂಡಬಲ್ ಅಂತಲೂ ಬರೆದಿದ್ದಾರೆ. ಇವತ್ತೇ ಇಮೇಲ್ ಹಾಕಿ ವಾಪಸ್ ಕೇಳಿ. ಇನ್ನೊಂದು ಕಡೆ ಬರಹದಲ್ಲಿ ಬೆಲೆ ಸಿಗೋವರೆಗೆ ಅಲ್ಲೇ ಬಿಟ್ಟಿರ್ತೀನಿ ಅಂದರೂ ನಷ್ಟವಿಲ್ಲ, ಆದರೆ ಆ 5,000 ನಿಮ್ಮ ಸರದಿ ಕಾಯ್ತಿದೆ ಅಂತ ಮಾತ್ರ ಅಂದ್ಕೋಬೇಡಿ.

ಫ್ಲಾಟ್‌ಸಿಕ್ಸ್

ಪೋರ್ಷೆ ಕಡೆ ಆಟವೇ ಬೇರೆ. ಜಿಟಿ ಕಾರುಗಳ ಅಲೊಕೇಶನ್ ಅಟ್ಲಾಂಟಾದಲ್ಲಿರೋ ಪೋರ್ಷೆ ನಾರ್ತ್ ಅಮೆರಿಕದಿಂದ ಡೀಲರ್‌ಗೆ ಬರುತ್ತೆ, ಡೀಲರ್ ಯಾರಿಗೆ ಕೊಡಬೇಕು ಅನ್ನೋದು ಅವನ ಇಷ್ಟ. ಬಹಳ ಕಡೆ ಬೆಲೆ ಏರಿಸದೆ, "ಸಂಬಂಧ" ಕೇಳ್ತಾರೆ. ಅಂದರೆ ಮೊದಲು ಮಕಾನ್, ಟೈಕಾನ್ ಥರದ ಬೇರೆ ಪೋರ್ಷೆ ತಗೊಂಡು ಅವರ ಪುಸ್ತಕದಲ್ಲಿ ಹೆಸರು ಮಾಡ್ಕೋಬೇಕು.

ಇದರ ಲೆಕ್ಕ ಸುಲಭ. ಬೇಡದ ಕಾರಿನ ಮೇಲೆ ಆಗೋ ನಷ್ಟವೇ ಜಿಟಿ3ಯ ಮಾರ್ಕಪ್, ಅಂದರೆ ಸ್ಟಿಕರ್ ಮೇಲೆ ಕೊಡೋ ಹೆಚ್ಚಿನ ದುಡ್ಡು. ಟೈಕಾನ್ ಮರುಮಾರಾಟದಲ್ಲಿ ಎಷ್ಟು ಜಾರುತ್ತೆ ಅಂತ ಎಲ್ಲರಿಗೂ ಗೊತ್ತು. 1,20,000ಕ್ಕೆ ತಗೊಂಡದ್ದು ಎರಡು ವರ್ಷದಲ್ಲಿ 70,000ಕ್ಕೆ ಹೋಯ್ತು ಅಂತ ಇಟ್ಕೊಳ್ಳಿ, ನಿಮ್ಮ 50,000 ಇಲ್ಲೂ ಹೋಯ್ತು, ಅದೂ ಜಿಟಿ3 ಸಿಗುತ್ತೆ ಅನ್ನೋ ಬರಹ ಇಲ್ಲದೆ. ಮನೆಗೆ ಹೇಗೂ ಮಕಾನ್ ಬೇಕಿತ್ತು ಅನ್ನೋರಿಗೆ ಮಾತ್ರ ಈ ದಾರಿ ಸರಿ. ಮೇಲಾಗಿ 992 (911ರ ಈಗಿನ ತಲೆಮಾರು) ಜಿಟಿ3 ಮೊದಲು 1,61,100ಕ್ಕೆ ಶುರುವಾಗಿದ್ದದ್ದು 2025ರ ಪರಿಷ್ಕೃತ ಮಾಡೆಲ್‌ನಲ್ಲಿ 2,22,500 ಆಯ್ತು. ಡೀಲರ್ ತಿಂತಿದ್ದ ಮಾರ್ಕಪ್‌ನ ಒಂದು ಪಾಲು ಈಗ ಕಂಪನಿಯ ಸ್ಟಿಕರ್ ಒಳಗೇ ಹೋಗಿದೆ ಅಂತ ನನ್ನ ಅಭಿಪ್ರಾಯ.

ಕೊಂಡು ತಕ್ಷಣ ಮಾರೋರನ್ನು ತಡೆಯೋಕೆ ಕಂಪನಿಗಳೂ ನೋಡಿವೆ. 1,963 ಮಾತ್ರ ಮಾಡಿದ 911 ಎಸ್/ಟಿಯನ್ನು ಅಮೆರಿಕದಲ್ಲಿ ಮೊದಲ ವರ್ಷ ಲೀಸ್‌ಗೆ ಕೊಟ್ಟರು, ಕಾರು ನಿಮ್ಮ ಹೆಸರಿಗೆ ಆಗದೆ ಮಾರೋದು ಹೇಗೆ? ಫೋರ್ಡ್ ಜಿಟಿಗೆ 24 ತಿಂಗಳ ಕರಾರಿತ್ತು, ಅದನ್ನು ಮುರಿದರು ಅಂತ ಕುಸ್ತಿಪಟು ಜಾನ್ ಸೀನಾ ಮೇಲೆ 2017ರಲ್ಲಿ ಕಂಪನಿ ಕೇಸ್ ಹಾಕಿ, ಮುಂದಿನ ವರ್ಷ ರಾಜಿಯಾಯ್ತು.

ರೆಡ್‌ಲೈನ್_8600

ಒಂದು ಭಿನ್ನಮತ. ಮಾರ್ಕಪ್ ಅಂದ ಕೂಡಲೇ ಎದ್ದು ಬರೋದೂ ಸರಿಯಲ್ಲ. 3000 ಕೋಡ್ ದಾಟಿದ, ನಿಮಗೆ ಬೇಕಾದ ಬಣ್ಣದ ಕಾರಿಗೆ 10,000 ಹೆಚ್ಚು ಕೇಳಿದರೆ, ದೂರದ ಡೀಲರ್‌ನಿಂದ ಸಾಗಿಸೋ ಖರ್ಚು, ಓಡಾಟ ಕಳೆದು ನೋಡಿ ಒಪ್ಪಬಹುದು. 50,000ಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಆರ್ಡರ್‌ಕೋಡ್_3000

10,000 ಕೂಡ ಆರು ತಿಂಗಳು ಕಾದರೆ ಉಳಿಯೋ ದುಡ್ಡು. ಝಡ್06 ನೆನಪು ಮಾಡ್ಕೊಳ್ಳಿ. 2023ರ ಮಾಡೆಲ್ 1,06,395ಕ್ಕೆ ಶುರುವಾದಾಗ ಜನ ಅದರ ಮೇಲೆ ಹತ್ತಾರು ಸಾವಿರ ಸುರಿದರು. ಎರಡು ವರ್ಷದೊಳಗೆ ಸ್ಟಿಕರ್ ಬೆಲೆಗೂ, ಕೆಲವು ಕಡೆ ಅದಕ್ಕಿಂತ ಕಡಿಮೆಗೂ ಸಿಗೋಕೆ ಶುರುವಾಯ್ತು. ಕಾರ್ವೆಟ್ ಎಣಿಸಿ ಮಾಡೋ ಕಾರಲ್ಲ, ಬೇಡಿಕೆ ಇರೋವರೆಗೆ ಬೌಲಿಂಗ್ ಗ್ರೀನ್ ಮಾಡ್ತಾನೇ ಇರುತ್ತೆ. ಎಸ್/ಟಿ ಥರ 1,963ಕ್ಕೆ ನಿಲ್ಲಿಸೋ ಕಾರಿಗೆ ಈ ಮಾತು ಅನ್ವಯಿಸಲ್ಲ.

"ಹೊಸದರಂತೆಯೇ, 40 ಮೈಲಿ ಓಡಿದೆ" ಅಂತ ಯೂಸ್ಡ್ ಪಟ್ಟಿಯಲ್ಲಿ ಕಾಣೋ ಕಾರುಗಳ ಬಗ್ಗೆಯೂ ಎಚ್ಚರ. ಡೀಲರೇ ಯಾರದೋ ಹೆಸರಿಗೆ ಮಾಡಿ ವಾಪಸ್ ತಂದಿರಬಹುದು. 2022ರಲ್ಲಿ ಜಿಎಂ ಹೇಳಿದ್ದು: ಝಡ್06, ಹಮ್ಮರ್ ಇವಿ, ಎಸ್ಕಲೇಡ್-ವಿ ಕೊಂಡವರು 12 ತಿಂಗಳೊಳಗೆ ಮಾರಿದರೆ ವಾರಂಟಿಯ ಮುಖ್ಯ ಭಾಗಗಳು ಮುಂದಿನವರಿಗೆ ವರ್ಗವಾಗಲ್ಲ. ನೀವು ನೋಡೋ ಕಾರಿಗೆ ಈ ಥರದ ಷರತ್ತು ಇದೆಯಾ ಅಂತ ಮೊದಲ ಖರೀದಿಯ ಕಾಗದ ತರಿಸಿ ಓದಿ. ಮೂಲ ಎಂಎಸ್‌ಒ (ಕಂಪನಿ ಕೊಡೋ ಮೊದಲ ಮಾಲೀಕತ್ವದ ಪತ್ರ) ಇದೆಯಾ ಅಥವಾ ಆಗಲೇ ಯಾರದೋ ಹೆಸರಿಗೆ ಟೈಟಲ್ ಆಗಿದೆಯಾ, ವಾರಂಟಿ ಯಾವ ದಿನ ಶುರುವಾಗಿದೆ, ಎರಡನ್ನೂ ವಿನ್ ನಂಬರ್ ಹಾಕಿ ಕೇಳಿ.

ಬೇರೆ ರಾಜ್ಯದಿಂದ ತರಿಸೋ ಪ್ರಶ್ನೆ ಬಾಕಿ ಇತ್ತು. ತೆರಿಗೆ ಉಳಿಯಲ್ಲ, ರಜಿಸ್ಟರ್ ಮಾಡುವಾಗ ಕ್ಯಾಲಿಫೋರ್ನಿಯಾ ದರದಲ್ಲೇ ಕಟ್ಟಬೇಕು. ಸೇಲ್ಸ್ ಟ್ಯಾಕ್ಸ್ ಇಲ್ಲದ ಮೊಂಟಾನಾದಲ್ಲಿ ಕಂಪನಿ ತೆರೆದು ತಪ್ಪಿಸ್ಕೋಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಇಲ್ಲಿ ವಾಸ ಇರೋರಿಗೆ ಅದು ಕೇಸ್ ಆಗುತ್ತೆ. ನಿಜವಾದ ತೊಡಕು ಎಮಿಷನ್‌ದು, ಅಂದರೆ ಹೊಗೆ ನಿಯಮದ್ದು. 7,500 ಮೈಲಿಗಿಂತ ಕಡಿಮೆ ಓಡಿದ ಗಾಡಿ ಕ್ಯಾಲಿಫೋರ್ನಿಯಾ ಮಾನ್ಯತೆ ಪಡೆದಿರದಿದ್ದರೆ ಡಿಎಂವಿ (ಇಲ್ಲಿನ ಆರ್‌ಟಿಒ) ರಜಿಸ್ಟರ್ ಮಾಡಲ್ಲ. ಆರ್ಡರ್ ಹಾಳೆಯಲ್ಲಿ ವೈಎಫ್5 ಕೋಡ್ ಇರಬೇಕು. ಎಫ್‌ಇ9 ಅಂತಿದ್ದರೆ ಅದು ಫೆಡರಲ್, 3000ಕ್ಕೆ ಮುಂಚೆಯೇ ಬದಲಾಯಿಸೋಕೆ ಹೇಳಿ. ಆರ್8ಸಿ ಆಪ್ಷನ್ ಹಾಕಿಸಿ ಬೌಲಿಂಗ್ ಗ್ರೀನ್‌ನ ಮ್ಯೂಸಿಯಂನಲ್ಲೇ ಡೆಲಿವರಿ ತಗೊಂಡರೂ ಇದೇ ನಿಯಮ. ಹಣ ಪೂರ್ತಿ ಕಳಿಸೋ ಮುಂಚೆ ಎಮಿಷನ್ ಲೇಬಲ್‌ನ ಫೋಟೋ ತರಿಸಿ, ಅದರ ಮೇಲೆ ಕ್ಯಾಲಿಫೋರ್ನಿಯಾ ಅಂತ ಅಚ್ಚಾಗಿದೆಯಾ ನೋಡಿ.