ಹಳೆಯ ಟೈಮಿಂಗ್ ಲೈಟ್: ಕುಂಯ್ ಅನ್ನುತ್ತೆ, ಮಿಂಚಲ್ಲ

ಪ್ರಶ್ನೆ: ಹಳೆಯ 12 ವೋಲ್ಟ್ ಕ್ಸೆನಾನ್ ಟೈಮಿಂಗ್ ಲೈಟ್, ಪ್ರತಿ ಸ್ಪಾರ್ಕಿಗೂ ಮಿಂಚಿ ಎಂಜಿನ್ ಪುಲ್ಲಿಯ ಮೇಲಿನ ಟೈಮಿಂಗ್ ಗುರುತನ್ನು ನಿಂತ ಹಾಗೆ ತೋರಿಸುವುದು. ಲೋಹದ ಬಾಡಿ, ಪ್ಲಗ್ ವೈರಿಗೆ ಕಚ್ಚಿಸುವ ಕ್ಲಾಂಪ್ ಇರುವ ಮಾದರಿ. ಬ್ಯಾಟರಿಗೆ ಹಾಕಿ ಬಟನ್ ಒತ್ತಿದರೆ ಒಳಗೆ ಸಣ್ಣಗೆ ಕುಂಯ್ ಸದ್ದು ಬರುತ್ತೆ. ಎಂಜಿನ್ ಸ್ಟಾರ್ಟ್ ಮಾಡಿದಾಗ ಆಗೊಮ್ಮೆ ಈಗೊಮ್ಮೆ ಮಿಂಚಿ ಸುಮ್ಮನಾಗುತ್ತೆ. ನೋಡಿದವರೆಲ್ಲ ಟ್ಯೂಬ್ ಹೋಗಿದೆ ಅಂತಾರೆ. ಟ್ಯೂಬ್ ತರಿಸಲಾ ಸರ್?

ಉತ್ತರ: ಈಗಲೇ ಬೇಡ. ಆಗೊಮ್ಮೆ ಈಗೊಮ್ಮೆಯಾದರೂ ಮಿಂಚುವ ಟ್ಯೂಬ್ ಸತ್ತಿರುವುದು ಕಡಿಮೆ. ಇಂಥ ಲೈಟುಗಳಲ್ಲಿ ಮೊದಲು ಕೈಕೊಡುವುದು ಕೆಪಾಸಿಟರ್ ಮತ್ತು ವೈರು.

ಒಳಗೆ ನಡೆಯುವುದು ಇಷ್ಟು. ಟ್ರಾನ್ಸಿಸ್ಟರ್ ಆಸಿಲೇಟರ್ ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ 12 ವೋಲ್ಟನ್ನು ಏರಿಸುತ್ತೆ, ನೀವು ಕೇಳುತ್ತಿರುವ ಕುಂಯ್ ಅದರದೇ. ಡಯೋಡ್ ದಾಟಿ ಬಂದ 300ರಿಂದ 450 ವೋಲ್ಟ್ ಡಿಸಿ ಮುಖ್ಯ ಕೆಪಾಸಿಟರಿನಲ್ಲಿ ತುಂಬಿಕೊಂಡು ಟ್ಯೂಬಿನ ಎರಡು ತುದಿಗೂ ಕಾದಿರುತ್ತೆ. ಕ್ಲಾಂಪಿನ ಪಲ್ಸ್ ಎಸ್‌ಸಿಆರ್ (ಪಲ್ಸ್ ಸಿಕ್ಕರೆ ಆನ್ ಆಗುವ ಎಲೆಕ್ಟ್ರಾನಿಕ್ ಸ್ವಿಚ್) ಗೇಟಿಗೆ ಬಂದ ಕೂಡಲೇ ಇನ್ನೊಂದು ಚಿಕ್ಕ ಕೆಪಾಸಿಟರ್, ಅಂದರೆ ಟ್ರಿಗರ್ ಕೆಪಾಸಿಟರ್, ಟ್ರಿಗರ್ ಕಾಯಿಲಿಗೆ ಖಾಲಿಯಾಗುತ್ತೆ. ಕಾಯಿಲ್ ಕೊಡುವ ಕೆಲವು ಸಾವಿರ ವೋಲ್ಟ್, ಟ್ಯೂಬಿನ ಗಾಜಿಗೆ ಸುತ್ತಿದ ತೆಳು ತಂತಿಗೆ ಹೋಗಿ ಒಳಗಿನ ಗ್ಯಾಸನ್ನು ಎಬ್ಬಿಸುತ್ತೆ. ಈ ದಾರಿಯಲ್ಲಿ ಎಲ್ಲಿ ಕಡಿದಿದೆ ಅಂತ ಹುಡುಕಬೇಕು.

ಬಾಡಿ ಬಿಚ್ಚುವ ಮುನ್ನ ಬ್ಯಾಟರಿ ಕಳಚಿ. ಬಿಚ್ಚಿದ ಮೇಲೆ ಮೊದಲ ಕೆಲಸ, 10 ಕಿಲೋಓಮ್ 5 ವ್ಯಾಟ್ ರೆಸಿಸ್ಟರಿನ ಕಾಲುಗಳಿಗೆ ಇನ್ಸುಲೇಷನ್ ಇರುವ ವೈರ್ ಬೆಸೆದು, ಕೆಪಾಸಿಟರಿನ ಎರಡು ತುದಿಗೂ ಎರಡು ಮೂರು ಸೆಕೆಂಡ್ ಹಿಡಿಯುವುದು. ಆಮೇಲೆ ಮೀಟರಿನಲ್ಲಿ ಸೊನ್ನೆ ನೋಡಿ ಖಾತ್ರಿ ಮಾಡಿಕೊಳ್ಳಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಚಾಳಿ ಬೇಡ, ಕೆಪಾಸಿಟರಿನ ಒಳಜೋಡಣೆಯೇ ಹಾಳಾಗುತ್ತೆ.

ಈಗ ಎರಡು ಪರೀಕ್ಷೆ. 1000 ವೋಲ್ಟ್ ಡಿಸಿ ರೇಂಜಿನ ಮೀಟರನ್ನು ಮುಖ್ಯ ಕೆಪಾಸಿಟರಿಗೆ ಕ್ಲಿಪ್ ಹಾಕಿ, ಕೈ ತೆಗೆದು, ಆಮೇಲೆ ಬ್ಯಾಟರಿ ಕೊಟ್ಟು ಬಟನ್ ಒತ್ತಿ. ಎಷ್ಟು ಬರುತ್ತೆ ಬರೆದುಕೊಳ್ಳಿ. ಎರಡನೆಯದು, 1.5 ವೋಲ್ಟ್ ಸೆಲ್ಲಿನ ಮೈನಸ್ಸನ್ನು ಎಸ್‌ಸಿಆರ್ ಕ್ಯಾಥೋಡಿಗೆ ಕೊಟ್ಟು, ಪ್ಲಸ್ಸನ್ನು 1 ಕಿಲೋಓಮ್ ಮೂಲಕ ಗೇಟಿಗೆ ಒಮ್ಮೆ ತಾಗಿಸಿ. ಪ್ರತಿ ಸಲವೂ ಒಂದು ಮಿಂಚು ಬಂದರೆ ಟ್ಯೂಬ್, ಟ್ರಿಗರ್ ಕಾಯಿಲ್, ಎಸ್‌ಸಿಆರ್ ಎಲ್ಲ ಸರಿ ಇವೆ, ತೊಂದರೆ ಕ್ಲಾಂಪಿನ ಕಡೆ. ಬ್ಯಾಟರಿ ಮಾದರಿಗೆ ಮಾತ್ರ ಈ ಪರೀಕ್ಷೆ. ಗೋಡೆಯ ಪ್ಲಗ್ಗಿಗೆ ಹಾಕುವ ಹಳೆಯ ಮಾದರಿಗಳಲ್ಲಿ ಸರ್ಕಿಟ್ ನೇರ ಮೇನ್ಸಿಗೇ ಸೇರಿರಬಹುದು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ತೆರೆದಿಟ್ಟು ಆನ್ ಮಾಡಲೇಬೇಡಿ.

ಪ್ರಶ್ನೆ ಕೇಳಿದವರು: ಮುಖ್ಯ ಕೆಪಾಸಿಟರಿನಲ್ಲಿ 160 ವೋಲ್ಟ್ ಅಷ್ಟೇ. ಸೆಲ್ ತಾಗಿಸಿದರೆ ನಾಲ್ಕೈದು ಸಲಕ್ಕೆ ಒಮ್ಮೆ ಮಂಕಾಗಿ ಮಿಂಚುತ್ತೆ. ಕೆಪಾಸಿಟರ್ ಮೇಲೆ 0.5 ಮೈಕ್ರೋಫ್ಯಾರಡ್ 600 ವೋಲ್ಟ್ ಅಂತ ಇದೆ, ಮೇಣ ಸುರಿಸಿದ ಹಾಗಿದೆ.

ಉತ್ತರ: ಮೇಣದ ಪೇಪರ್ ಕೆಪಾಸಿಟರ್. ವಯಸ್ಸಾದಂತೆ ತೇವ ಹೀರಿ ಸೋರುತ್ತವೆ. ಆಸಿಲೇಟರ್ ತುಂಬಿದ್ದನ್ನೆಲ್ಲ ಅದೇ ಕುಡಿಯುತ್ತಿದೆ. ಖಾತ್ರಿಗೆ ಅದರ ಒಂದು ಕಾಲು ಬಿಚ್ಚಿ, ಡಯೋಡಿನ ಔಟ್‌ಪುಟ್ಟಿಗೆ ಮೀಟರ್ ಇಟ್ಟು, ಎರಡೇ ಸೆಕೆಂಡ್ ಬಟನ್ ಒತ್ತಿ. ಲೋಡಿಲ್ಲದೆ ಕೆಲವು ಆಸಿಲೇಟರುಗಳ ವೋಲ್ಟೇಜ್ ಹುಚ್ಚಾಗಿ ಏರುತ್ತೆ, ಹೆಚ್ಚು ಹೊತ್ತು ಬೇಡ. 400ರ ಆಸುಪಾಸು ಬಂದರೆ ಕಳ್ಳ ಸಿಕ್ಕಿದ ಅಂತ ಲೆಕ್ಕ.

ಬದಲಿಗೆ 0.47 ಮೈಕ್ರೋಫ್ಯಾರಡ್ 630 ವೋಲ್ಟ್ ಪಾಲಿಪ್ರೊಪಿಲೀನ್ ಹಾಕಿ. ಹೆಚ್ಚು ಬೆಳಕು ಬರಲಿ ಅಂತ ದೊಡ್ಡದು ಹಾಕುವವರಿದ್ದಾರೆ, ಅದಕ್ಕೇ ಲೆಕ್ಕ ಹೇಳಿಬಿಡುತ್ತೇನೆ. 0.5 ಮೈಕ್ರೋಫ್ಯಾರಡ್ 400 ವೋಲ್ಟಿನಲ್ಲಿ ಒಂದು ಮಿಂಚಿಗೆ 0.04 ಜೂಲ್. ನಾಲ್ಕು ಸ್ಟ್ರೋಕ್ ಎಂಜಿನ್ 3000 ಆರ್‌ಪಿಎಂನಲ್ಲಿದ್ದಾಗ ಒಂದನೇ ಸಿಲಿಂಡರಿಗೆ ಸೆಕೆಂಡಿಗೆ 25 ಸ್ಪಾರ್ಕ್, ಅಂದರೆ ಟ್ಯೂಬಿನ ಮೇಲೆ 1 ವ್ಯಾಟ್. ಅಲ್ಲಿ 10 ಮೈಕ್ರೋಫ್ಯಾರಡ್ ಇಟ್ಟರೆ 20 ವ್ಯಾಟ್ ಆಗುತ್ತೆ. ಅಷ್ಟನ್ನು ಆಸಿಲೇಟರ್ ಕೊಡಲಾರದು, ಕೊಟ್ಟರೆ ಟ್ಯೂಬ್ ತಾಳದು. ಮಿಂಚೂ ಉದ್ದವಾಗಿ ಪುಲ್ಲಿಯ ಗುರುತು ಮಸುಕಾಗುತ್ತೆ.

ಬೆಸುಗೆ ಕಡ್ಡಿ ಹೇಗೂ ಬಿಸಿಯಾಗಿರುತ್ತಲ್ಲ, ಟ್ರಿಗರ್ ಕೆಪಾಸಿಟರನ್ನೂ ಬದಲಿಸಿ. ಸಾಮಾನ್ಯವಾಗಿ 0.1 ಅಥವಾ 0.22 ಮೈಕ್ರೋಫ್ಯಾರಡ್ ಇರುತ್ತೆ, ಇದ್ದ ಬೆಲೆಯದ್ದೇ 630 ವೋಲ್ಟಿನದು ಹಾಕಿ. ಟ್ಯೂಬ್ ತೆಗೆಯಬೇಕಾದರೆ ಬಟ್ಟೆಯಲ್ಲಿ ಹಿಡಿಯಿರಿ, ಮತ್ತೆ ಕೂರಿಸುವ ಮುನ್ನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಗಾಜಿನ ಮೇಲಿನ ಜಿಡ್ಡು, ಮಸಿಯಲ್ಲಿ ಟ್ರಿಗರ್ ವೋಲ್ಟೇಜ್ ಹರಿದು ಪೋಲಾಗುತ್ತೆ. ಸುತ್ತಿದ ತೆಳು ತಂತಿ ಗಾಜಿಗೆ ಅಂಟಿಕೊಂಡೇ ಇರಬೇಕು.

ಪ್ರಶ್ನೆ ಕೇಳಿದವರು: ಕಾಲು ಬಿಚ್ಚಿದಾಗ 430 ಬಂತು. ಎರಡೂ ಕೆಪಾಸಿಟರ್ ಬದಲಿಸಿದೆ, ಟ್ರಿಗರಿನದು 0.22. ಈಗ ಐಡಲ್‌ನಲ್ಲಿ ಚೆನ್ನಾಗಿ ಮಿಂಚುತ್ತೆ. 2500 ದಾಟಿದರೆ ಮಾತ್ರ ಬಿಟ್ಟು ಬಿಟ್ಟು ಮಿಂಚುತ್ತೆ.

ಉತ್ತರ: ಟ್ರಿಗರ್ ಕೆಪಾಸಿಟರನ್ನು ತುಂಬಿಸುವ ರೆಸಿಸ್ಟರ್ ನೋಡಿ. ಹಳೆಯ ಕಾರ್ಬನ್ ರೆಸಿಸ್ಟರುಗಳ ಬೆಲೆ ಕಾಲಕ್ರಮೇಣ ಏರುತ್ತೆ. 3000 ಆರ್‌ಪಿಎಂನಲ್ಲಿ ಎರಡು ಮಿಂಚಿನ ನಡುವೆ ಸಿಗುವುದು 40 ಮಿಲಿಸೆಕೆಂಡ್. 47 ಕಿಲೋಓಮ್ ಇದ್ದರೆ ಅಷ್ಟರಲ್ಲಿ 0.22 ಕೆಪಾಸಿಟರ್ ಶೇ. 98ರಷ್ಟು ತುಂಬುತ್ತೆ. ಅದೇ ರೆಸಿಸ್ಟರ್ 220 ಕಿಲೋಓಮಿಗೆ ಏರಿದ್ದರೆ ಶೇ. 56 ಮಾತ್ರ, ಟ್ಯೂಬ್ ಏಳಲ್ಲ. ಐಡಲ್‌ನಲ್ಲಿ ಸಮಯ ಧಾರಾಳವಾಗಿರುವುದರಿಂದ ಈ ದೋಷ ಅಲ್ಲಿ ಕಾಣುವುದೇ ಇಲ್ಲ. ಒಂದು ಕಾಲು ಎತ್ತಿ ಅಳೆಯಿರಿ, ಬಣ್ಣದ ಪಟ್ಟಿಯ ಬೆಲೆಗಿಂತ ಶೇ. 20 ಮೀರಿದ್ದರೆ ತೆಗೆದುಹಾಕಿ.

ರೆಸಿಸ್ಟರ್ ಸರಿಯಿದ್ದರೆ ಡಯೋಡ್ ನೋಡಿ. ಹಿಂದೆ ಯಾರೋ 1ಎನ್4007 ಹಾಕಿರಬಹುದು. ಅದು 50 ಹರ್ಟ್ಸಿನ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಕಿಲೋಹರ್ಟ್ಸಿನಲ್ಲಿ ನಿಧಾನವಾಗಿ ಮುಚ್ಚಿಕೊಂಡು ಬಿಸಿಯಾಗುತ್ತೆ, ವೋಲ್ಟೇಜ್ ಕುಸಿಯುತ್ತೆ. ಬೇಗ ಮುಚ್ಚಿಕೊಳ್ಳುವ ಯುಎಫ್4007 ಹಾಕಿ.

ಇನ್ನೊಬ್ಬ ಸದಸ್ಯರು, ಗ್ಯಾರೇಜ್ ಕೆಲಸದವರು: ಕ್ಲಾಂಪನ್ನೂ ನೋಡಲಿ. ಒಳಗಿನ ಫೆರೈಟಿನ ಎರಡು ಅರ್ಧಗಳು ಮುಖಕ್ಕೆ ಮುಖ ಸೇರಬೇಕು. ಅಲ್ಲಿ ಗ್ರೀಸ್ ಕೂತರೆ, ಒಂದು ಮೂಲೆ ಚಕ್ಕೆ ಎದ್ದರೆ ಪಲ್ಸ್ ಬಡವಾಗುತ್ತೆ. ಬಾಣದ ಗುರುತು ಪ್ಲಗ್ಗಿನ ಕಡೆಗಿರಲಿ. ಪಕ್ಕದ ಪ್ಲಗ್ ವೈರಿಗೆ ತಾಗಿದ್ದರೆ ಅದರ ಪಲ್ಸಿಗೂ ಮಿಂಚುತ್ತೆ, ಪುಲ್ಲಿಯ ಮೇಲೆ ಎರಡು ಗುರುತು ಕಾಣುತ್ತೆ. ವೈರು ಒಳಗೇ ತುಂಡಾಗುವ ಜಾಗ ಬಾಡಿಗೆ ಹೊಕ್ಕುವ ರಬ್ಬರಿನ ಹತ್ತಿರ. ಮೀಟರ್ ಹಾಕಿಕೊಂಡೇ ಅಲ್ಲಿ ಬಗ್ಗಿಸಿ ನೋಡಿ, ಓಮ್ ಕುಣಿದರೆ ಅಷ್ಟನ್ನು ಕತ್ತರಿಸಿ ಮತ್ತೆ ಬೆಸೆಯಿರಿ.

ಒಂದು ಎಚ್ಚರಿಕೆ: ಮಿಂಚು ಎಂಜಿನ್ನಿಗೆ ತಾಳ ಹಾಕಿದಾಗ ಫ್ಯಾನ್ ನಿಂತ ಹಾಗೇ ಕಾಣುತ್ತೆ. ಲೈಟ್ ಹಿಡಿದ ಕೈ, ವೈರು, ತೋಳು ಯಾವುದೂ ಅದರ ಹತ್ತಿರ ಹೋಗಬಾರದು.

ಮತ್ತೊಬ್ಬರ ಪ್ರಶ್ನೆ: ನನ್ನದರಲ್ಲಿ ಕುಂಯ್ ಸದ್ದೇ ಇಲ್ಲ. ಜರ್ಮೇನಿಯಂ ಟ್ರಾನ್ಸಿಸ್ಟರ್ ಅಂತ ಕಾಣುತ್ತೆ. ಸಿಲಿಕಾನ್ ಹಾಕಬಹುದಾ?

ಉತ್ತರ: ಮೊದಲು ಸುಲಭದ್ದು: ಬ್ಯಾಟರಿ ಕ್ಲಿಪ್ಪಿನೊಳಗೆ ಹಸಿರು ಹಿಡಿದಿದೆಯಾ, ಬಟನ್ ಒತ್ತಿದಾಗ ಸರ್ಕಿಟ್ಟಿಗೆ 12 ವೋಲ್ಟ್ ಮುಟ್ಟುತ್ತಾ. ಮುಟ್ಟಿಯೂ ಸದ್ದಿಲ್ಲದಿದ್ದರೆ ಟ್ರಾನ್ಸಿಸ್ಟರ್ ಬಿಚ್ಚಿ ಡಯೋಡ್ ರೇಂಜಿನಲ್ಲಿ ನೋಡಿ. ಬೇಸ್-ಎಮಿಟರ್ ನಡುವೆ 0.2ರಿಂದ 0.3 ತೋರಿದರೆ ಜರ್ಮೇನಿಯಂ, 0.6 ದಾಟಿದರೆ ಸಿಲಿಕಾನ್. ಜರ್ಮೇನಿಯಂ ಜಾಗಕ್ಕೆ ಸಿಲಿಕಾನ್ ಹಾಕಬಹುದು, ಪಿಎನ್‌ಪಿಗೆ ಪಿಎನ್‌ಪಿಯೇ ಆಗಬೇಕು. ಬೇಸಿಗೆ ಕರೆಂಟ್ ಕೊಡುವ ಬಯಾಸ್ ರೆಸಿಸ್ಟರ್ ಹಾಗೇ ಬಿಟ್ಟರೆ ಬೇಸಿಗೆ 0.6 ವೋಲ್ಟ್ ಮುಟ್ಟದೆ ಆಸಿಲೇಟರ್ ಶುರುವೇ ಆಗದಿರಬಹುದು. ಸರಣಿಗೆ 2 ಆಂಪ್ ಫ್ಯೂಸ್ ಹಾಕಿಕೊಂಡು, ಬಯಾಸನ್ನು ಸ್ವಲ್ಪಸ್ವಲ್ಪ ಹೊಂದಿಸಿ. ಬಾಡಿಗೆ ಬಿಗಿಯುವಾಗ ಮೈಕಾ ಹಾಳೆ ಮರೆತರೆ ಕಲೆಕ್ಟರ್ ಬಾಡಿಗೆ ಶಾರ್ಟ್.

ಮತ್ತೊಬ್ಬರ ಪ್ರಶ್ನೆ: ಟ್ಯೂಬ್ ತೆಗೆದು ಎಲ್‌ಇಡಿ ಹಾಕಿದರೆ ಇಷ್ಟೆಲ್ಲ ತಾಪತ್ರಯ ತಪ್ಪುತ್ತಲ್ಲ?

ಉತ್ತರ: ತಪ್ಪುತ್ತೆ, ಆದರೆ 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತೆ. ಎಲ್‌ಇಡಿ 100 ಮೈಕ್ರೋಸೆಕೆಂಡ್ ಉರಿದರೂ ಗುರುತು 1.8 ಡಿಗ್ರಿ ಹರಡಿಕೊಳ್ಳುತ್ತೆ. 30 ಮೈಕ್ರೋಸೆಕೆಂಡಿಗೆ ಇಳಿಸಿದರೆ ಅರ್ಧ ಡಿಗ್ರಿಗೆ ಬರುತ್ತೆ, ಆಗ ಬೆಳಕು ಸಾಲದು. ಹಗಲಲ್ಲಿ ಗುರುತು ಕಾಣಬೇಕಾದರೆ ಕ್ಸೆನಾನೇ ವಾಸಿ.

ಮತ್ತೊಬ್ಬರ ಪ್ರಶ್ನೆ: ಹಿಂಬದಿಯಲ್ಲಿ ಅಡ್ವಾನ್ಸ್ ಡಯಲ್ (ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಸ್ಪಾರ್ಕ್ ಅಂತ ಅಳೆಯುವುದು) ಇರುವ ಲೈಟ್. ರಿಪೇರಿ ಆದಮೇಲೆ ಡಯಲ್ ಸರಿ ಇದೆಯಾ ಅಂತ ತಿಳಿಯೋದು ಹೇಗೆ? ಎರಡು ಸ್ಟ್ರೋಕ್ ಬೈಕಿನಲ್ಲಿ ಅಡ್ವಾನ್ಸ್ ಎರಡರಷ್ಟು ತೋರಿಸುತ್ತಿದೆ.

ಉತ್ತರ: ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಡಯಲ್ ಸೊನ್ನೆಗಿಟ್ಟು, ಐಡಲ್‌ನಲ್ಲಿ ಪುಲ್ಲಿಯ ಗುರುತು ಸ್ಕೇಲಿನ ಎಷ್ಟರಲ್ಲಿ ನಿಂತಿದೆ ನೋಡಿ. 10 ಅಂತಿರಲಿ. ಈಗ ಡಯಲನ್ನು 10ಕ್ಕೆ ತಿರುಗಿಸಿದರೆ ಗುರುತು ಟಿಡಿಸಿಗೆ (ಪಿಸ್ಟನ್ ಮೇಲ್ತುದಿಯಲ್ಲಿರುವ ಜಾಗ, ಸ್ಕೇಲಿನ ಸೊನ್ನೆ) ಬಂದು ನಿಲ್ಲಬೇಕು. ತಿರುಗಿಸುವಾಗ ಗುರುತು ಹಾರಾಡಿದರೆ ಡಯಲಿನ ಪೊಟೆನ್ಶಿಯೋಮೀಟರ್ ಕೊಳೆಯಾಗಿದೆ, ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ಆಡಿಸಿ. ಹಾರಾಡದೆ ಒಂದೇ ಸಮ ತಪ್ಪಿದ್ದರೆ ಒಳಗಿನ ಪ್ರಿಸೆಟ್ (ತಿರುಗಿಸಿ ಹೊಂದಿಸುವ ಚಿಕ್ಕ ರೆಸಿಸ್ಟರ್) ತಿರುಗಿಸಿ ಹೊಂದಿಸಬೇಕು.

ನಿಮ್ಮ ಬೈಕಿನದು ದೋಷವಲ್ಲ. ಡಯಲ್, ಎರಡು ಮಿಂಚಿನ ನಡುವಿನ ಸಮಯವನ್ನು 720 ಡಿಗ್ರಿ ಅಂತ ಹಿಡಿದು ತಡ ಲೆಕ್ಕ ಹಾಕುತ್ತೆ. ಎರಡು ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಸ್ಪಾರ್ಕ್, ಅದಕ್ಕೆ 360. ಬಂದ ಸಂಖ್ಯೆಯನ್ನು ಅರ್ಧ ಮಾಡಿ. ಎಕ್ಸಾಸ್ಟ್ ಸ್ಟ್ರೋಕಿನಲ್ಲೂ ಸ್ಪಾರ್ಕ್ ಕೊಡುವ ನಾಲ್ಕು ಸ್ಟ್ರೋಕ್ ಬೈಕುಗಳಿಗೂ ಇದೇ ಲೆಕ್ಕ.