ಎಲ್ಕ್ ಬೇಟೆಗೆ 300 ವಿನ್ ಮ್ಯಾಗ್ ಸಾಕಾ, ಇಲ್ಲಾ 28 ನೋಸ್ಲರೇ ಬೇಕಾ?

ಡೆನ್ವರ್_ಹಾಸನದವನು:
ಎಲ್ಲರಿಗೂ ನಮಸ್ಕಾರ. ಊರು ಅರಕಲಗೂಡು ಹತ್ತಿರ, ಈಗ ಇರುವುದು ಡೆನ್ವರಿನಲ್ಲಿ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಪಕ್ಕದ ಮನೆಯವರು ಪ್ರತಿ ವರ್ಷ ಕೊಲೊರಾಡೊ ಬೆಟ್ಟಗಳಿಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುತ್ತಾರೆ. ಈ ಅಕ್ಟೋಬರಿಗೆ ನನ್ನನ್ನೂ ಕರೆದಿದ್ದಾರೆ. ಹಂಟರ್ ಎಜುಕೇಶನ್ ಕ್ಲಾಸ್ ಮುಗಿಸಿದ್ದೇನೆ.

ಈಗ ರೈಫಲ್ ತಗೋಬೇಕು. ವಿಡಿಯೋಗಳಲ್ಲಿ ಎಲ್ಲರೂ 600, 700 ಗಜದಿಂದ ಹೊಡೆಯುತ್ತಿದ್ದಾರೆ. ಗಂಡು ಎಲ್ಕ್ 300 ಕಿಲೋ ತೂಗುತ್ತದಂತೆ. ಹಾಗಾಗಿ 28 ನೋಸ್ಲರ್ ಅಥವಾ 300 ವಿನ್ ಮ್ಯಾಗ್, ಈ ಎರಡು ಜೋರಾದ ತೋಟಾಗಳಲ್ಲಿ ಒಂದನ್ನು ಹೊಡೆಯುವ ರೈಫಲ್ ಅಂದುಕೊಂಡಿದ್ದೇನೆ. ಅಂಗಡಿಯವನು ಇನ್ನೂ ದಪ್ಪ ಗುಂಡಿನ 338 ತೋರಿಸಿ 'ಇದಾದರೆ ಎಲ್ಲಿ ಬಿದ್ದರೂ ಕೆಡವುತ್ತದೆ' ಅಂದ. ಇಲ್ಲಿಯವರೆಗೆ ನಾನು ಹೊಡೆದಿರುವುದು ಸೋಮವಾರಪೇಟೆಯ ಸ್ನೇಹಿತನ ಮನೆಯ ಹನ್ನೆರಡು ಬೋರಿನ ಕೋವಿ ಮಾತ್ರ, ಅದೂ ನಾಲ್ಕು ಸಲ. ಯಾವುದು ತಗೊಳ್ಳಲಿ?

ಲಾರಮಿ_ಕೊಡಗು:
ತಮ್ಮಾ, ಆ ಅಂಗಡಿಯವನ ಮಾತು ಕೇಳಬೇಡ. ಕೇಳಿ ಕೆಟ್ಟವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ವಿರಾಜಪೇಟೆ ಕಡೆಯವನು. ವಯೋಮಿಂಗಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಮನೆಯಲ್ಲಿ ಕೋವಿ ಇಲ್ಲದ ದಿನ ನಾನು ಕಂಡಿಲ್ಲ. ಕೈಲ್‌ಪೊಳ್ದಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ಮರದ ಮೇಲಿನ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು. ಬೇಟೆ ಮಾತ್ರ ಅಜ್ಜನ ಕಥೆಗಳಲ್ಲಿ ಕೇಳಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆದ ಮೇಲೆ ನಮ್ಮಲ್ಲಿ ಅದು ಮುಗಿದ ಮಾತು ಅಲ್ವಾ. ಇಲ್ಲಿ ಲೈಸೆನ್ಸ್ ಕೊಡುತ್ತಾರೆ ಅಂತ ಗೊತ್ತಾದಾಗ ತಲೆ ತಿರುಗಿತು. ಕೊಡಗಿನವನಿಗೆ ಕೋವಿಯ ಒದೆತದ ಭಯವಾ ಅಂತ ಸೀದಾ 338 ವಿಂಚೆಸ್ಟರ್ ಮ್ಯಾಗ್ನಮ್ ತಂದೆ.

ಮೊದಲ ದಿನವೇ ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಅಂಚು ಹುಬ್ಬಿಗೆ ಬಡಿದು ರಕ್ತ ಬಂತು. ಅರ್ಧಚಂದ್ರದ ಆ ಗುರುತು ಇನ್ನೂ ಇದೆ. ಅದಾದ ಮೇಲೆ ನನಗೇ ಗೊತ್ತಿಲ್ಲದೆ ಒಂದು ರೋಗ ಅಂಟಿಕೊಂಡಿತು. ಟ್ರಿಗರ್ ಒತ್ತುವ ಹೊತ್ತಿಗೆ ಕಣ್ಣು ಮುಚ್ಚುವುದು, ಹೆಗಲು ಮುಂದಕ್ಕೆ ತಳ್ಳುವುದು. ಬೆಂಚಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆಯುವಾಗ ಅದು ಅಷ್ಟಾಗಿ ಕಾಣಲಿಲ್ಲ.

ಅಕ್ಟೋಬರಿನಲ್ಲಿ ಸ್ನೋಯಿ ರೇಂಜ್ ಬೆಟ್ಟಗಳಲ್ಲಿ ಒಂದು ಗಂಡು ಎಲ್ಕ್ ಸಿಕ್ಕಿತು, 430 ಗಜ. ಏರು ಹತ್ತಿ ಎದೆ ಡವಡವ ಅನ್ನುತ್ತಿತ್ತು. ಮಂಡಿ ಊರಿ ಹೊಡೆದೆ. ಗುಂಡು ಕೆಳಗೆ ಹೋಗಿ ಮುಂಗಾಲಿಗೆ ಬಿತ್ತು. 338ರ ಗುಂಡು, ನೋಡು, 'ಎಲ್ಲಿ ಬಿದ್ದರೂ ಕೆಡವುವ' ಗುಂಡು. ಮೂರು ಕಾಲಿನಲ್ಲಿ ಅದು ಮರಗಳ ಒಳಗೆ ಹೋಯಿತು. ಆವತ್ತು ಕತ್ತಲಾಗುವವರೆಗೆ, ಮರುದಿನ ಮಧ್ಯಾಹ್ನದವರೆಗೆ ರಕ್ತದ ಜಾಡು ಹಿಡಿದು ನಡೆದೆ. ಆಮೇಲೆ ಹಿಮ ಬಿತ್ತು. ಸಿಗಲಿಲ್ಲ. ಇದನ್ನು ಊರಿನಲ್ಲಿ ಯಾರಿಗೂ ಹೇಳಿಲ್ಲ.

ಆ ಚಳಿಗಾಲದಲ್ಲೇ 338 ಮಾರಿದೆ. ತಂದದ್ದು ಹಳೇ ಥರ್ಟಿ-ಆಟ್-ಸಿಕ್ಸ್, 1906ರಿಂದ ಇರುವ ತೋಟಾ. ಇಲ್ಲಿನವರು 'ಅಜ್ಜಂದಿರ ತೋಟಾ' ಅಂತ ನಗುತ್ತಾರೆ. ನಗಲಿ ಬಿಡು.

ಲೆಕ್ಕ ನೋಡು. ಎರಡರಲ್ಲೂ 180 ಗ್ರೇನ್ (ಸುಮಾರು 12 ಗ್ರಾಂ) ತೂಕದ ಗುಂಡು ಹಾಕಿ, 200 ಗಜಕ್ಕೆ ಗುರಿ ಕೂಡಿಸಿದರೆ, 400 ಗಜದಲ್ಲಿ 300 ವಿನ್ ಮ್ಯಾಗ್ ಸುಮಾರು 19 ಇಂಚು ಕೆಳಗಿಳಿಯುತ್ತದೆ. ಥರ್ಟಿ-ಆಟ್-ಸಿಕ್ಸ್ ಸುಮಾರು 23. ವ್ಯತ್ಯಾಸ ಅರ್ಧ ಗೇಣು. ಆ ಅರ್ಧ ಗೇಣಿಗೆ ನೀನು ಹೆಗಲಿನಲ್ಲಿ ಕಾಲು ಪಾಲು ಜಾಸ್ತಿ ಒದೆತ ತಿನ್ನಬೇಕು. ಇಳಿತ ಹೇಗೂ ಲೆಕ್ಕಕ್ಕೆ ಸಿಗುತ್ತದೆ, ದೂರ ಎಷ್ಟು ಅಂತ ರೇಂಜ್‌ಫೈಂಡರ್ ಹೇಳುತ್ತದೆ, ಸ್ಕೋಪ್ ತಿರುಗಿಸಿದರೆ ಆಯಿತು. ಗಾಳಿ ಹಾಗಲ್ಲ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 600 ಗಜದಲ್ಲಿ ಅದೇ 300 ವಿನ್ ಮ್ಯಾಗ್ ಗುಂಡನ್ನು ಎರಡು ಅಡಿಗೂ ಜಾಸ್ತಿ ಪಕ್ಕಕ್ಕೆ ತಳ್ಳುತ್ತದೆ. ಎಲ್ಕಿನ ಹೃದಯ, ಶ್ವಾಸಕೋಶ ಇರುವ ಜಾಗ ಎಲ್ಲ ಸೇರಿ ಒಂದು ಅಡಿ ಚಿಲ್ಲರೆ. ಲಾರಮಿಯಲ್ಲಿ ಹತ್ತು ಮೈಲಿ ಅಂದರೆ ಗಾಳಿಯೇ ಇಲ್ಲ ಅಂತ ಅರ್ಥ! ನೀನು ನಿಂತಲ್ಲಿ ಒಂದು ಗಾಳಿ, ಕಣಿವೆ ಮಧ್ಯೆ ಇನ್ನೊಂದು, ಎಲ್ಕ್ ನಿಂತಲ್ಲಿ ಮತ್ತೊಂದು. ಜೊತೆಗೆ 600 ಗಜ ತಲುಪಲು ಗುಂಡಿಗೆ ಮುಕ್ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಒಂದು ಹೆಜ್ಜೆ ಇಟ್ಟರೆ ಹೊಟ್ಟೆಗೆ ಬೀಳುತ್ತದೆ.

ತೋಟಾಕ್ಕಿಂತ ಅದರ ತುದಿಯಿಂದ ಹಾರುವ ಗುಂಡಿನ ಬಗ್ಗೆ ತಲೆ ಕೆಡಿಸಿಕೊ. ಎಲ್ಕಿನ ಭುಜದ ಮೂಳೆ ದಪ್ಪ. ಒಡೆದು ಚೂರಾಗುವ ಗುಂಡು ಬೇಡ. ನೋಸ್ಲರ್ ಕಂಪನಿಯ ಪಾರ್ಟಿಶನ್, ಆಕ್ಯುಬಾಂಡ್, ಇಲ್ಲಾ ಬಾರ್ನ್ಸ್‌ನ ಪೂರ್ತಿ ತಾಮ್ರದ್ದು ತಗೋ. ಕೊಲೊರಾಡೊ ಕಾನೂನು ಕೇಳುವುದು ಎಷ್ಟು ಗೊತ್ತಾ? ಕನಿಷ್ಠ 6 ಎಂಎಂ ವ್ಯಾಸ, ಎಲ್ಕಿಗೆ 85 ಗ್ರೇನ್ ಗುಂಡು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ. ಅಷ್ಟೇ ಸಾಕು ಅಂತ ನಾನು ಹೇಳುವುದಿಲ್ಲ. ಆದರೆ ನೀನು ಹೆದರಿದಷ್ಟು ದೊಡ್ಡದು ಬೇಕಿಲ್ಲ.

ಏಳು_ಎಂಎಂ_ಬಾಯ್ಸಿ:
ಅಣ್ಣ ಹೇಳಿದ್ದು ಮುಕ್ಕಾಲು ಪಾಲು ಸರಿ. ಆದರೆ ಹೊಸ ತೋಟಾಗಳನ್ನು ಸುಮ್ನೆ ತಳ್ಳಿಹಾಕಬೇಡಿ. 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿ ನನ್ನ ಹತ್ತಿರ ಇದೆ. ಅದರ 175 ಗ್ರೇನ್ ಗುಂಡು ಉದ್ದ, ಮೂತಿ ಚೂಪು. ನೀವು ಹೇಳಿದ ಅದೇ ಗಾಳಿಗೆ 600 ಗಜದಲ್ಲಿ ಒಂದೂವರೆ ಅಡಿ ಆಸುಪಾಸು ಸರಿಯುತ್ತದೆ. ಅದು ಶಕ್ತಿಯಿಂದ ಬಂದದ್ದಲ್ಲ, ಗುಂಡಿನ ಆಕಾರದಿಂದ. ಒದೆತ 300 ವಿನ್ ಮ್ಯಾಗಿಗಿಂತ ಒಂಚೂರು ಕಮ್ಮಿಯೇ.

28 ನೋಸ್ಲರ್ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಅಷ್ಟು ಮದ್ದು ಉರಿದರೆ ನಳಿಗೆ ಬೇಗ ಸವೆಯುತ್ತದೆ, ತೋಟಾ ದುಬಾರಿ. ಅಭ್ಯಾಸಕ್ಕೆ ಹೊಡೆಯಲು ಕೈ ಬರುವುದಿಲ್ಲ.

ಲಾರಮಿ_ಕೊಡಗು:
ಪಿಆರ್‌ಸಿ ಒಳ್ಳೆಯದೇ, ಒಪ್ಪಿದೆ. ಆದರೆ ಇವನು ನಾಲ್ಕು ಸಲ ಕೋವಿ ಹಿಡಿದವನು. ಬೆಟ್ಟದ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ರಾತ್ರಿ ಎಂಟಕ್ಕೆ ತೋಟಾ ಬೇಕಾದರೆ ಥರ್ಟಿ-ಆಟ್-ಸಿಕ್ಸ್ ಸಿಗುತ್ತದೆ, ಪಿಆರ್‌ಸಿ ಸಿಕ್ಕರೆ ಪುಣ್ಯ. ನೀನು ಮದ್ದು ತುಂಬಿ ತೋಟಾ ಮನೆಯಲ್ಲೇ ಮಾಡಿಕೊಳ್ಳುವವನು, ನಿನ್ನ ಮಾತು ಬೇರೆ.

ತಮ್ಮಾ, ಕೊಳ್ಳುವ ಮೊದಲು ಒಂದು ಕೆಲಸ ಮಾಡು. ಪಕ್ಕದ ಮನೆಯವರ ರೈಫಲ್ ಕೇಳು, ಅವರನ್ನೂ ರೇಂಜಿಗೆ ಕರೆದುಕೊಂಡು ಹೋಗು. ಊಟದ ಪೇಪರ್ ತಟ್ಟೆ ನಿಲ್ಲಿಸು. ಬೆಂಚ್ ಬೇಡ, ಮಂಡಿ ಊರಿ ಹೊಡಿ. ಹತ್ತಕ್ಕೆ ಒಂಬತ್ತು ಬೀಳುವ ದೂರವೇ ನಿನ್ನ ದೂರ. ಮಧ್ಯೆ ಅವರಿಗೆ ಹೇಳಿ ಒಂದೆರಡು ಡಮ್ಮಿ ತೋಟಾ ಸೇರಿಸಿಸು, ಯಾವುದು ಅಂತ ನಿನಗೆ ಗೊತ್ತಾಗಬಾರದು. ಟ್ರಿಗರ್ ಒತ್ತಿದಾಗ ಗುಂಡು ಹಾರದೆ ನಳಿಗೆ ಮಾತ್ರ ಕುಣಿದರೆ ನನ್ನ ರೋಗ ನಿನಗೂ ಇದೆ ಅಂತ ಲೆಕ್ಕ.

ಎಚ್1ಬಿ_ಫೋರ್ಟ್‌ಕಾಲಿನ್ಸ್:
ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಗ್ರೀನ್ ಕಾರ್ಡ್ ಇದ್ದವರಿಗೆ ತೊಂದರೆ ಇಲ್ಲ. ಎಚ್-1ಬಿ ವೀಸಾದವರು ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇಲ್ಲದೆ ರೈಫಲ್ ಇಟ್ಟುಕೊಳ್ಳುವುದೂ ಫೆಡರಲ್ ಅಪರಾಧ. ವಕೀಲರನ್ನು ಕೇಳಿ ಮುಂದುವರಿಯಿರಿ.

ಡೆನ್ವರ್_ಹಾಸನದವನು:
ಅಣ್ಣಾ, ಶನಿವಾರ ಹೋಗಿದ್ದೆ. ಪಕ್ಕದ ಮನೆಯವರದ್ದೂ ಥರ್ಟಿ-ಆಟ್-ಸಿಕ್ಸೇ! ಮಂಡಿ ಊರಿ 100 ಗಜದಲ್ಲಿ ಹತ್ತಕ್ಕೆ ಒಂಬತ್ತು. 200ರಲ್ಲಿ ಆರು. 300ರಲ್ಲಿ ಎರಡು, ಅದರಲ್ಲೂ ಒಂದು ತಟ್ಟೆಯ ಅಂಚಿಗೆ. ಡಮ್ಮಿ ತೋಟಾಕ್ಕೆ ನಳಿಗೆ ಕುಣಿಯಿತು, ಅವರು ನಕ್ಕರು. 600 ಗಜದ ಗುರಿಹಲಗೆಯನ್ನು ಬರಿಗಣ್ಣಿನಲ್ಲಿ ಹುಡುಕಲೇ ಕಷ್ಟವಾಯಿತು. ಹೆಗಲು ಇವತ್ತೂ ನೋಯುತ್ತಿದೆ.

ಲಾರಮಿ_ಕೊಡಗು:
ಹೆಗಲು ನೋಯುತ್ತಿದ್ದರೆ ರೈಫಲಿನ ಹಿಂಬದಿಯನ್ನು ಹೆಗಲಿಗೆ ಗಟ್ಟಿಯಾಗಿ ಒತ್ತಿ ಹಿಡಿದಿಲ್ಲ ಅಂತ. ಒದೆತವೇ ಇಲ್ಲದಂಥ ಒಂದು ಸಣ್ಣ 22 ರೈಫಲ್ ತಗೊಂಡು ಬೇಸಿಗೆ ಪೂರ್ತಿ ಅದರಲ್ಲೇ ಹೊಡಿ, ತಿಂಗಳಿಗೊಮ್ಮೆ ದೊಡ್ಡದು ಮುಟ್ಟು. ಮುಂದಿನ ವಾರ ಬ್ಯಾಗಿನ ಮೇಲೆ ಒರಗಿಸಿ 200 ಹೊಡೆದು ಹೇಳು. ಮಾಂಸ ಹೊರುವುದರ ಬಗ್ಗೆ ಬೇರೆಯೇ ಪ್ರಶ್ನೆ ಹಾಕು. ಅದು ಇದಕ್ಕಿಂತ ದೊಡ್ಡ ಕಥೆ.